ಕ್ಯಾಪ್ಟನ್ ವೆರಲ್‌ನ ಮುಖದ ವಿಚಾರಣೆ

ಸ್ಕಾರ್ಬರೋ
೧೯ ಅಕ್ಟೋಬರ್ ೧೯೯೮

ನನ್ನ ಡಿಲಿಸ್,

ಮಾರ್ಚ್ ತಿಂಗಳಿಂದ ನಿನಗೆ ಒಂದು ಸಾಲೂ ಬರೆದಿಲ್ಲ. ನೀನೂ ಬರೆದಿಲ್ಲವಲ್ಲ ಎನ್ನಬಹುದು. ಆದರೆ ಗಂಡನನ್ನು ಮಣ್ಣು ಮಾಡಿದವಳು ನೀನು. ಮೊದಲು ಬರೆಯಬೇಕಾದವಳು ನಾನೇ. ಕ್ಷಮಿಸು. ಅಕ್ಷರ ಇರುವೆ ಸಾಲಿನ ಹಾಗಿದೆ, ಸಾಲು ಮುಗಿಯುವಷ್ಟರಲ್ಲಿ ಇನ್ನೂ ಸಣ್ಣಗಾಗುತ್ತದೆ. ಕಾಗದ ಉಳಿಸುತ್ತಿದ್ದೇನೆ ಎಂದುಕೊಳ್ಳಬೇಡ, ಕನ್ನಡಕ ಹಾಕಿಕೊಂಡು ಓದು. ಸೊಂಟದ ಆಪರೇಷನ್ ಚೆನ್ನಾಗಿ ಆಯಿತೆಂದೂ, ಮಗಳು ನಿನ್ನನ್ನು ಮೆಟ್ಟಿಲು ಹತ್ತಲು ಬಿಡುತ್ತಿಲ್ಲವೆಂದೂ ಕ್ಲೈವ್ ಹೇಳಿದ. ಜನ್ಮದಲ್ಲಿ ಒಂದು ಸಲವಾದರೂ ಇನ್ನೊಬ್ಬರ ಮಾತು ಕೇಳು.

ಈ ವರ್ಷದ ವಿಚಾರಣೆ ಮೊನ್ನೆ ಶನಿವಾರ ಮುಗಿಯಿತು. ಅದೇ ಚರ್ಚಿನ ಸಭಾಂಗಣ, ಅದೇ ತಣ್ಣನೆಯ ಕುರ್ಚಿಗಳು, ಸಮುದ್ರದ ಗಾಳಿಗೆ ಬಡಿದುಕೊಳ್ಳುವ ಅದೇ ಕಿಟಕಿ. ಎಂದೋ ನಿಂತುಹೋದ ‘ಶನಿಯಾಚೆಯ ಠಾಣೆ’ ಎಂಬ ಟೀವಿ ಧಾರಾವಾಹಿಗಾಗಿ ವಯಸ್ಸಾದ ನಾವು ವರ್ಷಕ್ಕೊಮ್ಮೆ ಸೇರಿ, ಅದರ ನಟರನ್ನು ಒಬ್ಬೊಬ್ಬರಾಗಿ ಕಟಕಟೆಗೆ ಎಳೆದು ಕಿತ್ತಾಡುವುದನ್ನು ನೋಡಿ ನಿನ್ನ ಗ್ಲಿನ್ ಎಷ್ಟು ನಗುತ್ತಿದ್ದ! ‘ನಿಮಗೆ ಮಾಡೋಕೆ ಬೇರೆ ಕೆಲಸ ಇಲ್ವೇನ್ರೇ?’ ಎನ್ನುತ್ತಲೇ ಎಲ್ಲರಿಗೂ ಟೀ ಹಂಚುತ್ತಿದ್ದ. ಅವನ ಹಳೆಯ ತಗಡಿನ ಟ್ರೇ ಇನ್ನೂ ಅಲ್ಲೇ ಗೋಡೆಗೆ ಒರಗಿಕೊಂಡಿತ್ತು. ಯಾರೂ ಮುಟ್ಟಿರಲಿಲ್ಲ.

ಕ್ಲೈವ್ ಎಂದಿನಂತೆ ತಲೆಯ ಮೇಲೆ ಜಡ್ಜಿನ ವಿಗ್ಗಿನ ಬದಲು ನೆಲ ಒರೆಸುವ ಬಿಳಿ ಮಾಪು ಇಟ್ಟುಕೊಂಡು ನ್ಯಾಯಾಧೀಶನಾಗಿ ಕೂತ. ‘ಆರೋಪಿ ಡೆಸ್ಮಂಡ್ ಪಾಸ್ಕ್, ಅಂದ್ರೆ ನಮ್ಮ ಕ್ಯಾಪ್ಟನ್ ವೆರಲ್. ಕೊನೇ ಸರಣಿಯಲ್ಲಿ ನಟನೆ ಮಾಡದೆ ಸಂಬಳ ತಗೊಂಡ ಅಂತ ದೂರು. ದೂರು ಕೊಟ್ಟವರು ಯಾರು ಗೊತ್ತಾ? ಡಿಲಿಸ್!’ ಎಂದ.

ಸಭೆಯೆಲ್ಲ ‘ಹೋ’ ಎಂದು ಕೂಗಿತು. ಕೂಗದೆ ಇರುತ್ತಾರೆಯೇ? ಪಾಸ್ಕ್‌ನ ಫೋಟೋವನ್ನು ಅಡುಗೆಮನೆಯಲ್ಲಿ ತೂಗುಹಾಕಿ ಗಂಡನಿಂದ ಬೈಸಿಕೊಂಡವಳು ನೀನು. ‘ಆ ಮರದ ಕೊರಡಿನಲ್ಲಿ ಏನು ಕಂಡೆಯೇ ಮಹರಾಯ್ತಿ?’ ಎಂದು ಪ್ರತಿವರ್ಷ ರೇಗಿಸಿದವಳು ನಾನು. ಆಮೇಲೆ ಅವನ ಪರ ವಾದಿಸಲು ನಾನು ಎದ್ದು ನಿಂತಾಗ ಕ್ಲೈವ್‌ನ ಮಾಪು ಜಾರಿಯೇ ಬಿತ್ತು. ‘ಏನ್ರೀ ಇದು, ಇಬ್ರೂ ಪಕ್ಷಾಂತರ ಮಾಡಿದ್ರಾ?’ ಎಂದು ಕೇಳಿದ.

ನೀನು ಬರೆದು ಕಳಿಸಿದ್ದನ್ನು ಅವನೇ ಓದಿದ. ‘ಮಗಳ ಹಡಗು ಕಣ್ಣೆದುರು ಉರಿದುಹೋಗ್ತಿದೆ. ಈ ಮನುಷ್ಯ ಬಸ್ಸಿಗೆ ಕಾಯೋನ ಹಾಗೆ ನಿಂತಿದಾನೆ. ಪ್ರೀತಿ ಇದ್ದೋರ ಮುಖ ಹೀಗಿರಲ್ಲ. ಇಷ್ಟು ವರ್ಷ ನಾನು ಮೋಸಹೋದೆ.’ ಎಲ್ಲರೂ ಬಿದ್ದುಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಈ ದೂರು ಯಾರ ಮೇಲೆ ಎಂದು ನನಗೆ ಗೊತ್ತಾಯಿತು, ಡಿಲಿಸ್. ಗ್ಲಿನ್‌ನನ್ನು ಮಣ್ಣು ಮಾಡಿದ ದಿನ ಚಾಪೆಲ್ ಪ್ರಾರ್ಥನಾಮಂದಿರದ ಬಾಗಿಲಲ್ಲಿ ನೀನು ನನ್ನ ಮುಖವನ್ನೇ ನೋಡುತ್ತ, ‘ಒಂದು ಹನೀನೂ ಇಲ್ವಲ್ಲೇ ಬೆರಿಲ್. ಅವನು ನಿಂಗೆ ಏನೂ ಅಲ್ವಾ?’ ಎಂದೆ. ಆಮೇಲೆ ನೀನು ನನ್ನೊಡನೆ ಮಾತೇ ಬಿಟ್ಟೆ.

ಇರಲಿ, ನನ್ನ ವಾದ ಕೇಳು. ಆ ದೃಶ್ಯದ ಕ್ಯಾಸೆಟ್ ಹಾಕಿಸಿದೆ. ಅವನು ಸುಮ್ಮನೆ ನಿಂತಿದ್ದಾನೆ, ಮುಖ ನುಣ್ಣಗೆ ಇಸ್ತ್ರಿ ಮಾಡಿದ ಹಾಗಿದೆ, ನಿಜ. ‘ನೋಡಿದ್ರಾ, ಕೊರಡು!’ ಎಂದು ಹಿಂದಿನಿಂದ ಯಾರೋ ಕೂಗಿದರು. ನಾನು ಹೋಗಿ ಗ್ಲಿನ್‌ನ ಟ್ರೇ ತಂದೆ. ‘ಇನ್ನೊಂದು ಸಲ ಹಾಕು ಕ್ಲೈವ್’ ಎಂದು ಹೇಳಿ, ಪಾಸ್ಕ್‌ನ ಮುಖ ಮಾತ್ರ ಮುಚ್ಚುವ ಹಾಗೆ ಟ್ರೇಯನ್ನು ಟೀವಿಗೆ ಅಡ್ಡ ಹಿಡಿದೆ.

ಮುಖ ಇಲ್ಲದ ಆ ಮನುಷ್ಯನನ್ನು ನೀನು ನೋಡಬೇಕಿತ್ತು. ಎಡಗೈ ಕೋಟಿಗೆ ಅಂಟಿಕೊಂಡಿದೆ. ಮೊದಲ ಸರಣಿಯಲ್ಲಿ ಎರಡೂ ಕೈ ಬೀಸಿಕೊಂಡು ಓಡಾಡುತ್ತಿದ್ದವನು ಅವನೇ. ಬಲಗೈಯ ಬೆರಳುಗಳು ಗುಂಡಿಯೊಂದನ್ನು ಹುಡುಕುತ್ತವೆ, ಸಿಗುವುದಿಲ್ಲ, ಮತ್ತೆ ಹುಡುಕುತ್ತವೆ. ಮಗಳ ಹೆಸರು ಹೇಳುವಾಗ ಧ್ವನಿ ನಡುವೆಯೇ ಒಡೆದುಹೋಗುತ್ತದೆ. ಇಷ್ಟು ವರ್ಷ ಆ ಧ್ವನಿ ನಮಗೆ ಯಾಕೆ ಕೇಳಿಸಲಿಲ್ಲ? ನಾವೆಲ್ಲ ಅವನ ಮುಖವನ್ನೇ ಬೈಯುತ್ತ ಕೂತಿದ್ದೆವು.

ಒಬ್ಬ ಹುಡುಗಿ ಮೂಗು ಸೀಟಿಕೊಂಡಳು. ಟ್ರೇ ನನ್ನ ಕೈಯಲ್ಲಿ ಗಡಗಡ ಎನ್ನತೊಡಗಿತು. ‘ಬೆರಿಲ್, ಭಾರ ಆಯ್ತಾ? ಕೊಡಿ ಇಲ್ಲಿ’ ಎಂದು ಕ್ಲೈವ್ ಬಂದು ತೆಗೆದುಕೊಂಡ.

ಕೈ ಎತ್ತಿಸಿದರೆ ಎರಡೂ ಕಡೆ ಸರಿಸಮ. ಬರಲಾಗದವರ ಮತವೂ ಲೆಕ್ಕಕ್ಕಿದೆಯಲ್ಲ. ಕ್ಲೈವ್ ನಿನ್ನ ಲಕೋಟೆ ಒಡೆದು ಓದಿದ: ‘ತಪ್ಪಿತಸ್ಥ.’ ಪಾಸ್ಕ್ ಸೋತ. ಸೋತ ವಕೀಲರೇ ಟೀ ಕಪ್ಪುಗಳನ್ನು ತೊಳೆಯಬೇಕಾದ್ದರಿಂದ ನಾನೇ ತೊಳೆದೆ, ಎರಡು ಒಡೆದೆ ಕೂಡ. ಕ್ಲೈವ್ ಪಕ್ಕದಲ್ಲಿ ನಿಂತು ಒರೆಸುತ್ತ, ‘ಬೇಜಾರು ಮಾಡ್ಕೋಬೇಡಿ. ಡಿಲಿಸ್‌ಗೆ ಒಂದು ಕಾಗದ ಬರೀರಿ. ಕ್ರಿಸ್‌ಮಸ್ ಒಳಗೆ ಅವರು ಮನಸ್ಸು ಬದಲಾಯಿಸಿದ್ರೆ ತೀರ್ಪು ತಿದ್ದಿಬಿಡ್ತೀನಿ, ನ್ಯಾಯಾಧೀಶ ನಾನೇ ಅಲ್ವಾ’ ಎಂದ. ಒಳ್ಳೆಯ ಮನುಷ್ಯ. ಮಾಪು ತೆಗೆಯುವುದನ್ನು ಮರೆತೇ ಮನೆಗೆ ಹೋದ.

ನಿನ್ನ ಸೊಂಟ ಬೇಗ ಗಟ್ಟಿಯಾಗಲಿ. ಮೊಮ್ಮಕ್ಕಳು ನಿನ್ನ ಮಾತು ಕೇಳುವಂತಾಗಲಿ. ಗ್ಲಿನ್ ಇಲ್ಲದ ಮೊದಲ ಚಳಿಗಾಲ ನಿನಗೆ ಹಗುರವಾಗಿ ಕಳೆಯಲಿ.

ಎಂದಿಗೂ ನಿನ್ನ,
ಬೆರಿಲ್

ಮರೆತಿದ್ದೆ: ಮರೆತದ್ದೇನೂ ಅಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಜುಲೈನಲ್ಲಿ ಡಾಕ್ಟರು ನನ್ನನ್ನು ಆಸ್ಪತ್ರೆಯ ಪಡಸಾಲೆಯ ಉದ್ದಕ್ಕೂ ನಡೆಸಿ ನೋಡಿದರು. ಎಡಗೈ ಬೀಸುತ್ತಲೇ ಇರಲಿಲ್ಲ. ಪಾರ್ಕಿನ್ಸನ್ ಕಾಯಿಲೆಯಂತೆ. ಕೈಗಿಂತ ಮೊದಲು ಅದು ಮುಖಕ್ಕೆ ಬಂದಿತ್ತಂತೆ, ಯಾವ ಭಾವವೂ ಮೂಡದ ಹಾಗೆ ಮುಖ ಬಿಗಿದುಬಿಡುತ್ತದಂತೆ, ಒಂದು ವರ್ಷದಿಂದಲೇ ಇದ್ದಿರಬೇಕಂತೆ. ಪಾಸ್ಕ್‌ಗೂ ಇದೇ ಇತ್ತೋ ಏನೋ ನನಗೆ ಗೊತ್ತಿಲ್ಲ, ಯಾರೂ ಹೇಳಿಲ್ಲ. ಆದರೆ ಆ ಕೈ ನನಗೆ ಗುರುತು ಸಿಕ್ಕಿತು. ಚಾಪೆಲಿನ ಬಾಗಿಲಲ್ಲಿ ನಾನು ಅಳುತ್ತಿದ್ದೆ, ಡಿಲಿಸ್. ಗ್ಲಿನ್‌ಗಾಗಿ ಎದೆ ಒಡೆದು ಅಳುತ್ತಿದ್ದೆ. ಅದು ಮುಖದವರೆಗೆ ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಆಗ ನನಗೂ ಗೊತ್ತಿರಲಿಲ್ಲ. ನಿನ್ನ ಕೋಟಿನ ತೋಳನ್ನು ಯಾರೋ ಹಿಡಿದುಕೊಂಡು ಕಾರು ಹೊರಡುವವರೆಗೂ ಬಿಡಲಿಲ್ಲವಲ್ಲ, ನೆನಪಿದೆಯಾ? ಆ ಕೈ ನನ್ನದು. ಫೋನ್ ಮಾಡೇ. ಫೋನಿನಲ್ಲಿ ಮುಖ ಕಾಣಿಸುವುದಿಲ್ಲ.