ಹನ್ನೊಂದನೇ ಹಾಸಿಗೆಯ ಹೊಟ್ಟೆ ಮತ್ತು ಅಧೀಕ್ಷಕರ ಕಕ್ಕಸು

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನಿಮ್ಮ ಕೊಠಡಿಗೆ ಹೊಂದಿಕೊಂಡ ಕಕ್ಕಸು ಕಟ್ಟಿಕೊಂಡು ಇಂದಿಗೆ ಆರು ದಿನ. ದಿನವೂ ನಿಮ್ಮ ದೂರು ಬರುತ್ತದೆ, ದಿನವೂ ದೂರು ಪುಸ್ತಕದಲ್ಲಿ ‘ಸರಿಪಡಿಸಲಾಗಿದೆ’ ಎಂದು ದಾಖಲಾಗುತ್ತದೆ, ದಿನವೂ ನೀವು ಎರಡು ಮಹಡಿ ಇಳಿದು ರೋಗಿಗಳ ಕಡೆಯವರ ಜೊತೆ ಸಾಲಿನಲ್ಲಿ ನಿಲ್ಲುತ್ತೀರಿ. ಪುಸ್ತಕದಲ್ಲಿ ಹಾಗೆ ಬರೆಯುತ್ತಿರುವವನು ನಾನೇ, ನಿಮ್ಮ ಆಸ್ಪತ್ರೆಯ ಪ್ಲಂಬರ್. ಈ ಆರು ದಿನ ನಾನು ನಿಮ್ಮ ಮಹಡಿಯ ಮೆಟ್ಟಿಲನ್ನೇ ಹತ್ತಿಲ್ಲ. ಕಾಲಂ ತುಂಬಿದರೆ ಕೆಲಸ ಆದಂತೆ ಎಂಬುದು ತಮ್ಮದೇ ಆಡಳಿತದ ನೀತಿ, ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆ. ವಾರ್ಡುಗಳ ಒಂದು ಕೊಳವೆಯನ್ನೂ ಕಟ್ಟಿಕೊಳ್ಳಲು ಬಿಟ್ಟಿಲ್ಲ. ಇದು ನಿರ್ಲಕ್ಷ್ಯವಲ್ಲ ಸ್ವಾಮಿ, ಸೇಡು.

ಯಾಕೆಂದು ಕೇಳಿ. ಶಾಲೆಯೊಂದರಲ್ಲಿ ಆಯಾ ಆಗಿರುವ ನನ್ನ ಅಕ್ಕ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡು ನಿಮ್ಮಲ್ಲಿ ದಾಖಲಾದಳು. ಹನ್ನೊಂದನೇ ಹಾಸಿಗೆ. ಮೂಳೆಯ ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ನೋವಿನ ಮಾತ್ರೆ, ಅಲ್ಲಾಡದೆ ಮಲಗುವುದು, ಎದ್ದು ಕೂರುವಂತಿಲ್ಲ. ಇವಿಷ್ಟೂ ಸೇರಿದರೆ ಹೊಟ್ಟೆ ಕಟ್ಟುತ್ತದೆ ಎಂಬುದು ಗೊತ್ತಾಗಲು ವೈದ್ಯ ಪದವಿ ಬೇಕೆ? ಬೆಡ್‌ಪ್ಯಾನ್ ಕೊಡುತ್ತಿದ್ದರು, ನಿಜ. ಆದರೆ ಪರದೆ ಇರಲಿಲ್ಲ. ಎದುರು ಹಾಸಿಗೆಯವರನ್ನು ನೋಡಲು ಬಂದ ಗಂಡಸರ ಕಣ್ಣಮುಂದೆ, ಐವತ್ತೆಂಟು ವರ್ಷ ಮಾನವಾಗಿ ಬಾಳಿದ ಹೆಂಗಸು ಹೇಗೆ ಹೋಗಬೇಕಿತ್ತು? ಆಕೆ ಊಟ ಕಡಿಮೆ ಮಾಡಿದಳು, ನೀರನ್ನೂ ಕಡಿಮೆ ಮಾಡಿದಳು. ಒತ್ತಿ ಬಂದಾಗ ತುಟಿ ಕಚ್ಚಿ ತಡೆದಳು.

ನಿಮ್ಮ ವಾರ್ಡಿನ ಶೀಟಿನಲ್ಲಿ ‘ಮಲವಿಸರ್ಜನೆ’ ಎಂಬ ಕಾಲಂ ಇದೆ. ಅದನ್ನು ಖಾಲಿ ಬಿಟ್ಟರೆ ನರ್ಸಿಗೆ ಮೆಮೊ ಎಂದು ನೀವು ಆದೇಶ ಹೊರಡಿಸಿದ್ದೀರಿ. ಇಪ್ಪತ್ತೆರಡು ಹಾಸಿಗೆಗೆ ಒಬ್ಬಳೇ ನರ್ಸ್. ಡಾಕ್ಟರ್ ರೌಂಡ್ಸಿಗೆ ಬರುವ ಮೊದಲು ಆಕೆ ಏನು ಮಾಡುತ್ತಾಳೆ ಗೊತ್ತೆ? ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ಟಿಕ್ ಹಾಕುತ್ತಾಳೆ. ಹತ್ತು ದಿನ, ಹತ್ತು ಟಿಕ್. ನಿಮ್ಮ ಕಾಗದದಲ್ಲಿ ಇಪ್ಪತ್ತೆರಡು ಹೊಟ್ಟೆಗಳೂ ದಿನಾ ಖಾಲಿಯಾಗುತ್ತವೆ. ನಾನು ಆ ಹುಡುಗಿಯನ್ನು ಬೈಯುತ್ತಿಲ್ಲ, ನಿಮ್ಮನ್ನು ಬೈಯುತ್ತಿದ್ದೇನೆ.

ನಾಲ್ಕನೇ ದಿನ ಅಕ್ಕ ನರ್ಸಿಗೆ ಹೇಳಿದಳು, “ಸಿಸ್ಟರ್, ಬಂದಾಗಿಂದ ನನಗೆ ಆಗೇ ಇಲ್ಲ.”

“ಆಗಿದೆ ಅಂತ ಇದೆಯಲ್ಲಮ್ಮ ಶೀಟಲ್ಲಿ.”

ಏಳನೇ ದಿನ ಡಾಕ್ಟರಿಗೆ ಹೇಳಿದಳು. ಅವರೂ ಶೀಟು ನೋಡಿದರು, ಅಕ್ಕನ ಹೊಟ್ಟೆ ನೋಡಲಿಲ್ಲ. ಎಂಟನೇ ದಿನ ಹಾಸಿಗೆ ಒದ್ದೆಯಾಯಿತು, ತೆಳ್ಳಗೆ, ತಡೆಯಿಲ್ಲದೆ. ಭೇದಿ ಎಂದರು. ನಿಲ್ಲಿಸಲು ಮಾತ್ರೆ ಬರೆದರು. ಗಟ್ಟಿಯಾಗಿ ಕೂತ ಮಲದ ಪಕ್ಕದಿಂದ ತೆಳ್ಳನೆಯದು ಸೋರುತ್ತಿತ್ತು, ಅಷ್ಟೇ. ಕಟ್ಟಿಕೊಂಡ ಕೊಳವೆಯೂ ಸಂದಿಯಲ್ಲಿ ಸೋರುತ್ತದೆ. ಸೋರುವುದನ್ನು ಕಂಡು ಕೊಳವೆ ಸರಿಯಿದೆ ಎನ್ನುವ ಪ್ಲಂಬರನ್ನು ನೀವು ಅಂದೇ ಮನೆಗೆ ಕಳಿಸುತ್ತೀರಿ. ಹತ್ತನೇ ದಿನ ಅಕ್ಕನ ಕರುಳು ಹರಿಯಿತು. ಹೊಟ್ಟೆ ಕೊಯ್ದ ಸರ್ಜನ್ ಆಮೇಲೆ ನನಗೆ ಹೇಳಿದರು, “ಮೊದಲೇ ಯಾರಾದರೂ ಗ್ಲೌಸ್ ಹಾಕಿ ಬೆರಳಲ್ಲಿ ನೋಡಿದ್ರೆ ಗೊತ್ತಾಗ್ತಿತ್ತು.” ಈಗ ಅಕ್ಕನ ಹೊಟ್ಟೆಯ ಪಕ್ಕ ಮಲ ಇಳಿಯುವ ಒಂದು ಚೀಲ ತೂಗುತ್ತದೆ. ಅದು ತುಂಬಿದರೆ ತಾನೇ ತೊಳೆಯುತ್ತಾಳೆ, ನನ್ನನ್ನು ಹತ್ತಿರ ಸೇರಿಸುವುದಿಲ್ಲ.

ನಾನು ದೂರು ಕೊಟ್ಟೆ. ‘ದಾಖಲೆಗಳ ಪ್ರಕಾರ ರೋಗಿಗೆ ಪ್ರತಿದಿನ ಮಲವಿಸರ್ಜನೆ ಆಗಿರುತ್ತದೆ’ ಎಂದು ನಿಮ್ಮ ಉತ್ತರ ಬಂತು. ತಮ್ಮ ಸಹಿ ಬಹಳ ಅಂದವಾಗಿದೆ.

ನನ್ನ ಬೇಡಿಕೆ ಇಷ್ಟು. ಆ ಹತ್ತು ಟಿಕ್‌ಗಳನ್ನು ನೀವೇ ನಿಮ್ಮ ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ‘ಸುಳ್ಳು’ ಎಂದು ಬರೆದು ಸಹಿ ಮಾಡಬೇಕು. ಮೆಮೊ ಆದೇಶ ಹಿಂಪಡೆದು ಪ್ರತಿ ಹಾಸಿಗೆಗೂ ಪರದೆ ಹಾಕಿಸಬೇಕು. ಒಂದು ತಿಂಗಳು ದಿನಾ ಬೆಳಿಗ್ಗೆ ನೀವೇ ವಾರ್ಡಿಗೆ ಹೋಗಿ ಒಬ್ಬೊಬ್ಬರನ್ನೂ “ಹೊಟ್ಟೆ ಸರಿಯಾಗಿ ಹೋಯ್ತಾ?” ಎಂದು ಬಾಯಿಬಿಟ್ಟು ಕೇಳಬೇಕು. ನಾಚಿಕೆಯಾದರೆ ಆಗಲಿ. ಅಲ್ಲಿಯವರೆಗೆ ನಿಮ್ಮ ಕಕ್ಕಸು ಪುಸ್ತಕದಲ್ಲಿ ಸರಿಯಾಗಿರುತ್ತದೆ. ನನ್ನನ್ನು ಕೆಲಸದಿಂದ ತೆಗೆಯುತ್ತೀರಿ, ಗೊತ್ತು. ಬೀಗದ ಕೈಗಳನ್ನು ಆಗಲೇ ಸ್ಟೋರಿನಲ್ಲಿ ಕೊಟ್ಟಿದ್ದೇನೆ.

ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. “ನನ್ನ ಹೊಟ್ಟೆ ಕತೆ ಊರಿಗೆಲ್ಲ ಯಾಕೋ” ಎಂದು ಮುಖ ತಿರುಗಿಸಿದಳು. ಮತ್ತೆ ಈ ಕಡೆ ತಿರುಗಿ ಕೇಳಿದಳು, “ನಾನು ಹೇಳಿದ್ದು ಎರಡೇ ಸಲ ಅಂತ ಬರೆದಿದ್ದೀಯಾ?”

“ಹೌದಲ್ಲ ಅಕ್ಕ. ಸಿಸ್ಟರ್‌ಗೆ, ಡಾಕ್ಟರಿಗೆ.”

“ಒಂಬತ್ತನೇ ದಿನ ನಿನಗೂ ಹೇಳಿದ್ದೆ. ಇದು ಭೇದಿ ಅಲ್ಲ ಕಣೋ, ಒಳಗೆ ಏನೋ ಅಡ್ಡ ಕೂತಿದೆ ಅಂದೆ. ನೀನು ಶೀಟು ನೋಡಿ ಬಂದು, ಸುಮ್ನೆ ಮಲಗು ಅಂದೆ. ಅದನ್ನೂ ಬರಿ.”

ಬರೆದಿದ್ದೇನೆ.

ಇಂತಿ,
ಹದಿನೇಳು ವರ್ಷ ನಿಮ್ಮ ಕೊಳವೆಗಳ ಮಾತು ಕೇಳಿ, ಒಡಹುಟ್ಟಿದವಳ ಮಾತು ಕೇಳದ
ಪ್ಲಂಬರ್