ಸ್ನಾನದ ಕೋಣೆಯಲ್ಲಿ ಕಂಡದ್ದು

ಮನೆಯಿಂದ,
ಹದಿನಾಲ್ಕನೇ ತಾರೀಖು, ಬುಧವಾರ, ಬೆಳಗಿನ ನಮಾಜಿನ ನಂತರ

ಮಗನಿಗೆ ತಾಯಿಯ ಸಲಾಂ.

ಈ ಪತ್ರ ಯಾರು ಬರೆಯುತ್ತಿದ್ದಾರೆ ಎಂಬುದನ್ನು ಮೊದಲೇ ನೆನಪಿಸುತ್ತೇನೆ. ಇಪ್ಪತ್ತೊಂಬತ್ತು ವರ್ಷಗಳಿಂದ ಈ ಮೂರು ಬೀದಿಗಳಲ್ಲಿ ತೀರಿಕೊಂಡ ಹೆಂಗಸರಿಗೆಲ್ಲ ಕೊನೆಯ ಸ್ನಾನ ಮಾಡಿಸಿದವಳು ನಾನು. ಹೈಸ್ಕೂಲು ಮುಗಿಸಿದ್ದೇನೆ, ವಿಧವೆಯಾಗಿ ಮೂರು ಮಕ್ಕಳನ್ನು ಯಾರ ಮುಂದೆಯೂ ಕೈಚಾಚದೆ ಬೆಳೆಸಿದ್ದೇನೆ. ಬೀದಿಯಲ್ಲಿ ನನಗೆ ‘ಹೆಡ್‌ಮೇಡಂ’ ಎಂದು ಅಡ್ಡಹೆಸರಿರುವುದು ಗೊತ್ತು. ಗೊತ್ತಿಲ್ಲದ ಹಾಗೆ ಇರುವುದೂ ಗೊತ್ತು. ತೀರಿಕೊಂಡವರಿಗೆ ಸುತ್ತುವ ಕಫನ್ ಬಟ್ಟೆ ಕತ್ತರಿಸಿಕೊಡುವ ದರ್ಜಿ ಹೆಂಗಸು ಒಮ್ಮೆ ನನ್ನೆದುರೇ ಅಂದಿದ್ದಳು: “ದೊಡ್ಡಕ್ಕ, ನಿಮ್ಮ ಕೈ ತಾಗಿದರೆ ಸತ್ತವರೂ ನೆಟ್ಟಗೆ ಮಲಗ್ತಾರೆ ಬಿಡಿ.” ನಕ್ಕುಬಿಟ್ಟಿದ್ದೆ.

ನಿನ್ನ ಕೆಮ್ಮು ಹೇಗಿದೆ? ಸಿಮೆಂಟ್ ಕಾರ್ಖಾನೆಯ ಧೂಳು ಎದೆಗೆ ಇಳಿದರೆ ಬಿಡುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊ ಎಂದರೆ ಚಿಕ್ಕಂದಿನಿಂದಲೂ ನಿನಗೆ ನಾಚಿಕೆ. ಬಿಸಿನೀರು ಕುಡಿ. ಇಲ್ಲಿ ನಿನ್ನ ತಂಗಿ ಚೆನ್ನಾಗಿದ್ದಾಳೆ. ನನ್ನ ಮೊಣಕಾಲು ಸಜ್ದಾದಲ್ಲಿ ನೆಲಕ್ಕೆ ಹಣೆಯಿಟ್ಟು ಏಳುವಾಗ ಮಾತ್ರ ತಕರಾರು ತೆಗೆಯುತ್ತದೆ, ಉಳಿದಂತೆ ಹೇಳಿದ ಮಾತು ಕೇಳುತ್ತದೆ.

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಇಷ್ಟು ತಡ ಮಾಡುವವಳಲ್ಲ ನಾನು. ಗಡಿಯಾರ ರಿಪೇರಿಯವರ ಮಗಳನ್ನು ಎರಡನೆಯ ಮದುವೆಗೆ ನೋಡಿದ್ದೀಯ, ಅವರು ಬೇರೇನೂ ಕೇಳುತ್ತಿಲ್ಲ, ಹುಡುಗ ಒಳ್ಳೆಯವನು ಎಂಬ ನನ್ನ ಒಂದು ಮಾತು ಕೇಳುತ್ತಿದ್ದಾರೆ ಎಂದು ನೀನು ಬರೆದಿದ್ದೆ. “ನಿನ್ನ ಮಾತು ಸಾಕು ಅವರಿಗೆ, ಹೋಗಿ ಒಂದು ಸಲ ಹೇಳಿ ಬಾ ಅಮ್ಮಾ.” ಅದನ್ನು ಓದಿ ಹೆಮ್ಮೆಪಟ್ಟೆ ಎಂಬುದನ್ನು ಮುಚ್ಚಿಡುವುದಿಲ್ಲ. ಮಗ ಎರಡು ವರ್ಷ ಒಬ್ಬನೇ ಬೇಯಿಸಿಕೊಂಡು ತಿಂದ, ಇನ್ನಾದರೂ ಮನೆ ಕಟ್ಟಿಕೊಳ್ಳಲಿ ಎಂದುಕೊಂಡೆ. ಮರುದಿನ ಬೆಳಿಗ್ಗೆ ಕುರ್‌ಆನ್ ತೆರೆದೆ. ಅಲ್ಲಿಗೆ ನಿಂತುಬಿಟ್ಟೆ.

ನಿನಗೆ ನನ್ನ ಕ್ರಮ ಗೊತ್ತಿಲ್ಲ, ಹೇಳುತ್ತೇನೆ. ನಿನ್ನ ಹೆಂಡತಿಯನ್ನು ಮಣ್ಣು ಮಾಡಿದ ವಾರ ಇದನ್ನು ಶುರುಮಾಡಿದೆ. ದಿನಕ್ಕೆ ಒಂದೇ ಆಯತ್, ಒಂದೇ ವಚನ. ಅರಬಿಯಲ್ಲಿ ಓದುವುದು, ಕನ್ನಡದಲ್ಲಿ ಅರ್ಥ ನೋಡುವುದು, ಆಮೇಲೆ ಅದು ನನಗೆ ಏನು ಹೇಳಿತು ಎಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುವುದು. ಬರೆಯದೆ ಮುಂದಿನ ಆಯತ್‌ಗೆ ಹೋಗುವಂತಿಲ್ಲ. ವರ್ಷಗಟ್ಟಲೆ ಗಿಳಿಯ ಹಾಗೆ ಓದಿದ್ದೆ. ಹೀಗೆ ಓದಿದಾಗ ಅದು ನನ್ನನ್ನು ಓದತೊಡಗಿತು. ಜ್ವರದಲ್ಲೂ ಬಿಟ್ಟಿಲ್ಲ. ಇನ್ನೂರ ತೊಂಬತ್ತನೆಯ ದಿನ, ಸಾಕ್ಷ್ಯವನ್ನು ಬಚ್ಚಿಡಬೇಡಿ, ಬಚ್ಚಿಟ್ಟವನ ಹೃದಯ ಪಾಪಿ ಎಂಬ ಮಾತು ಬಂತು. ಅದು ಸಾಲದ ಪತ್ರದ ವಿಷಯ, ನನಗೆ ಸಾಲ ಎಲ್ಲಿದೆ ಎಂದು ಬರೆದು ದಾಟಿಬಿಟ್ಟೆ. ಆ ಎರಡು ಸಾಲಿನ ಅಕ್ಷರ ಈಗ ನೋಡಿದರೆ ಓಡುವವಳ ಅಕ್ಷರದ ಹಾಗಿದೆ.

ನಿನ್ನ ಪತ್ರ ಬಂದ ಮರುದಿನ ಆರುನೂರ ಇಪ್ಪತ್ತೆಂಟನೆಯದು. ವಿಶ್ವಾಸಿಗಳೇ, ನ್ಯಾಯದ ಮೇಲೆ ಗಟ್ಟಿಯಾಗಿ ನಿಲ್ಲಿ, ಅಲ್ಲಾಹನಿಗಾಗಿ ಸಾಕ್ಷಿ ಹೇಳಿ, ಅದು ನಿಮಗೇ ವಿರುದ್ಧವಾದರೂ, ಹೆತ್ತವರಿಗೋ ಹತ್ತಿರದ ನಂಟರಿಗೋ ವಿರುದ್ಧವಾದರೂ ಸರಿ ಎಂದು ಅದರ ಅರ್ಥ. ನೋಟ್‌ಬುಕ್ಕಿನಲ್ಲಿ ತಾರೀಖು ಬರೆದೆ. ಕೆಳಗೆ ಏನೂ ಬರೆಯಲಾಗಲಿಲ್ಲ. ಮರುದಿನವೂ ತಾರೀಖು ಮಾತ್ರ. ಒಂದು ದಿನ ಸಂದು ಹುಡುಕಿದೆ: ಹೆತ್ತವರು ಎಂದಿದೆ, ನಂಟರು ಎಂದಿದೆ, ಮಗ ಎಂದಿಲ್ಲವಲ್ಲ! ಕೋರ್ಟಿನ ವಕೀಲರೂ ನಾಚಿಕೊಳ್ಳಬೇಕು, ಅಂಥ ವಾದ. ಮಗ ನಂಟನಲ್ಲದೆ ಇನ್ಯಾರು? ಹೀಗೆ ಹದಿನೇಳು ತಾರೀಖುಗಳಾದವು. ನಿನ್ನ ತಂಗಿ ಪುಟ ನೋಡಿ, “ಅಮ್ಮಾ, ಗಾಡಿ ಕೆಟ್ಟು ನಿಂತಿದೆಯಾ?” ಎಂದು ತಮಾಷೆ ಮಾಡಿದಳು. ಅವಳ ಮೇಲೆ ರೇಗಿದೆ.

ಈಗ ಆ ದಿನದ ಮಾತು. ನಿನ್ನ ಹೆಂಡತಿ ಮೆಟ್ಟಿಲಿನಿಂದ ಬಿದ್ದಳು ಎಂದು ನೀನು ಹೇಳಿದೆ. ತಲೆಗೆ ಪೆಟ್ಟು ಎಂದು ವೈದ್ಯರ ಚೀಟಿಯಲ್ಲೂ ಇತ್ತು. ಸೊಸೆಗೆ ಸ್ನಾನ ನಾನೇ ಮಾಡಿಸುತ್ತೇನೆ ಎಂದೆ. ನೀರು ಹೊಯ್ದುಕೊಡಲು ದರ್ಜಿ ಹೆಂಗಸು ಇದ್ದಳು. ಬಲಗಡೆ ತೊಳೆದು ಎಡಗಡೆಗೆ ಬಂದೆ. ಮೊಣಕೈಯ ಮೇಲೆ ನಾಲ್ಕು ಬೆರಳಿನ ಗುರುತು, ಹಿಂದೆ ಹೆಬ್ಬೆರಳಿನದು. ಅವು ನೀಲಿ. ಅವುಗಳ ಕೆಳಗೆ ಹಳದಿಗೆ ತಿರುಗಿದ ಹಳೆಯವು, ಭುಜದ ಮೇಲೆ ಇನ್ನೂ ಹಳೆಯವು. ಮೆಟ್ಟಿಲಿಗೆ ಬೆರಳಿರುವುದಿಲ್ಲ. ತಂಬಿಗೆ ಹಿಡಿದಿದ್ದ ದರ್ಜಿ ಹೆಂಗಸು “ದೊಡ್ಡಕ್ಕಾ, ಇದು...” ಎಂದಳು. “ನೀರು ಹಾಕು. ಇಲ್ಲಿ ಕಂಡದ್ದು ಇಲ್ಲೇ” ಎಂದೆ. ಅವಳು ಹಾಕಿದಳು. ನನ್ನ ಮಾತಿಗೆ ಎದುರಾಡುವವರು ಇಲ್ಲ, ನಿನಗೆ ಗೊತ್ತಲ್ಲ.

ಮಯ್ಯತ್‌ನ, ಅಂದರೆ ತೀರಿಕೊಂಡವರ, ಮೈಮೇಲೆ ಕಂಡ ಕುಂದನ್ನು ಹೊರಗೆ ಆಡಬಾರದು, ಅದು ನಮ್ಮ ಕೆಲಸದ ಮೊದಲ ಪಾಠ. ಅದನ್ನು ನಾನು ಪಾಲಿಸಿದೆ ಎಂದೇ ಇಷ್ಟು ದಿನ ತಿಳಿದಿದ್ದೆ. ಆ ಆಯತ್ ಮುಂದೆ ಕೂತ ಹದಿನೆಂಟನೆಯ ಬೆಳಿಗ್ಗೆ, ಮೊನ್ನೆ ಸೋಮವಾರ, ಗೊತ್ತಾಯಿತು: ಆ ಗುರುತು ಅವಳ ಕುಂದಲ್ಲ. ಅವಳ ಮಾನ ಮುಚ್ಚುವ ಬಟ್ಟೆಯನ್ನು ಎಳೆದು ನಾನು ನಿನಗೆ ಹೊದಿಸಿದ್ದೆ.

ಅವಳು ನನ್ನನ್ನು ಬಿಟ್ಟಿಲ್ಲ. ಆಮೇಲೆ ಹನ್ನೊಂದು ಹೆಂಗಸರಿಗೆ ಸ್ನಾನ ಮಾಡಿಸಿದ್ದೇನೆ. ಪ್ರತಿ ಸಲವೂ ಎಡ ತೋಳಿಗೆ ಬರುವಾಗ ನನ್ನ ಕೈ ತಾನಾಗಿ ನಿಲ್ಲುತ್ತದೆ. ಎಂಬತ್ತು ದಾಟಿದ ಮುದುಕಿಯ ಸುಕ್ಕುಗಟ್ಟಿದ ತೋಳಿನಲ್ಲೂ ಅವಳ ತೋಳು ಕಾಣುತ್ತದೆ. ನಲ್ಲಿ ತಿರುಗಿಸಿದರೆ ನೀರಿನ ಸದ್ದಿನೊಳಗಿಂದ ಅವಳು ಕೇಳುತ್ತಾಳೆ. ಸಾಯುವ ಎರಡು ತಿಂಗಳ ಮುಂಚೆ, ಬೇಸಿಗೆಯಲ್ಲಿ, ಉದ್ದ ತೋಳಿನ ಉಡುಪು ಹಾಕಿಕೊಂಡು ಬಂದಿದ್ದಳು. “ಅತ್ತೆ, ಸ್ವಲ್ಪ ದಿನ ಇಲ್ಲೇ ಇರ್ಲಾ? ನಿಮ್ಮ ಕೆಲಸಕ್ಕೂ ಆಗುತ್ತೆ” ಎಂದಳು. “ಗಂಡನ ಮನೆ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ನಾಳೆ ಬೆಳಿಗ್ಗೆ ಬಸ್ಸಿದೆ” ಎಂದಿದ್ದೆ. ಆ ಬಸ್ಸಿಗೆ ಹತ್ತಿಸಿದವಳೂ ನಾನೇ. ‘ನಿಮಗೇ ವಿರುದ್ಧವಾದರೂ’ ಎಂಬುದು ನನ್ನ ಪಾಲಿನ ಮಾತು. ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ನೀನು ಅವಳನ್ನು ತಳ್ಳಿದೆ ಎಂದು ನಾನು ಹೇಳುತ್ತಿಲ್ಲ. ಅದನ್ನು ನಾನು ನೋಡಿಲ್ಲ, ನೋಡದ್ದನ್ನು ಹೇಳಿದರೆ ಅದೂ ಸುಳ್ಳು ಸಾಕ್ಷಿಯೇ. ನಾನು ನೋಡಿದ್ದು ತೋಳು, ಭುಜ. ಅವು ಒಂದೇ ದಿನದವಲ್ಲ. ಉಳಿದದ್ದು ನಿನಗೆ ಗೊತ್ತು, ಅಲ್ಲಾಹನಿಗೆ ಗೊತ್ತು. ಬಾಯಿ ತೆರೆದು ಹೇಳು, ತಪ್ಪೊಪ್ಪಿಕೊಂಡು ತೌಬಾ ಮಾಡು. ಹೇಳದ ತೌಬಾ ಏನಾಗುತ್ತದೆ ಎಂದು ಎರಡು ವರ್ಷ ನಾನು ಮಾಡಿ ನೋಡಿದ್ದೇನೆ. ನಿನ್ನನ್ನು ಹೊತ್ತವಳೇ ಇದನ್ನು ಬರೆಯಬೇಕಾಯಿತು. ಆದರೂ ಐದು ಹೊತ್ತೂ ನಿನಗಾಗಿ ದುಆ ಮಾಡುವುದನ್ನು ಬಿಡುವುದಿಲ್ಲ. ಅವನು ನಿನ್ನ ಎದೆಯನ್ನು ಮೆದು ಮಾಡಲಿ, ನಿನ್ನನ್ನು ನೇರ ದಾರಿಗೆ ತರಲಿ.

ನಿನ್ನನ್ನು ಹೆತ್ತವಳು,
ಅಮ್ಮ

ಮತ್ತೆ: ಅಂಚೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನೀನು ಹೇಳುವ ತನಕ ನಾನು ಕಾಯಲಿಲ್ಲ. ಸೋಮವಾರ ಗಡಿಯಾರ ರಿಪೇರಿಯವರ ಮನೆಗೆ ಹೋಗಿದ್ದೆ. ಹುಡುಗಿ ಕುಡಿಯಲು ನೀರು ತಂದುಕೊಟ್ಟಳು. ಅವಳನ್ನು ಒಳಗೆ ಕಳಿಸಬೇಡಿ, ಇಲ್ಲೇ ಕೂರಲಿ ಎಂದು ಹೇಳಿ, ಕಂಡದ್ದನ್ನು ಅವಳ ಎದುರಿಗೇ ಹೇಳಿದೆ. ಅವಳ ತಂದೆ ಮಗಳ ಕಡೆ ತಿರುಗಿ ನೋಡಿದರು. ಆಮೇಲೆ “ನಿಮ್ಮ ಮಗನ ಬಗ್ಗೆ ಹೀಗೆ ಹೇಳೋಕೆ ನಿಮಗೆ ಹೇಗಮ್ಮಾ ಮನಸ್ಸು ಬಂತು?” ಎಂದರು. ಮದುವೆ ಇಲ್ಲ. ನಿನ್ನೆ ದರ್ಜಿ ಹೆಂಗಸನ್ನು ಕರೆದುಕೊಂಡು ನಿನ್ನ ಮಾವನ ಮನೆಗೆ, ನಿನ್ನ ಹೆಂಡತಿಯ ತವರಿಗೆ, ಹೋಗಿ ಅವರಿಗೂ ಹೇಳಿದೆ. ಅಲ್ಲಿಂದ ನಿನ್ನ ಮಾವನೂ ಸೇರಿ ನಾವು ಮೂವರೂ ಪೊಲೀಸ್ ಠಾಣೆಗೆ ಹೋದೆವು. ಬರೆದುಕೊಂಡದ್ದನ್ನು ಇನ್ಸ್‌ಪೆಕ್ಟರ್ ಓದಿ ಹೇಳಿದರು. ಒಂದು ಕಡೆ ‘ಅತ್ತೆಗೆ ಅನುಮಾನವಿದೆ’ ಎಂದಿತ್ತು, ಹೊಡೆಸಿ ‘ಮೈಮೇಲಿನ ಗುರುತುಗಳನ್ನು ಅತ್ತೆ ಕಣ್ಣಾರೆ ನೋಡಿದ್ದಾರೆ’ ಎಂದು ಬರೆಸಿದೆ. ಸಹಿ ಹಾಕಿದ್ದೇನೆ.