ಮೂರನೇ ಸಾಲಿನ ತಡ

ಭಾನುವಾರ, ಮೇ ೧೮

ಹೊಟ್ಟೆ ಉರಿಯುತ್ತಿದೆ. ಇಲ್ಲೂ ಸುಳ್ಳು ಬರೆದು ಏನು ಪ್ರಯೋಜನ?

ಇಪ್ಪತ್ತೆರಡು ವರ್ಷದಿಂದ ಈ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿರುವವಳು ನಾನು. ನಮ್ಮೊಂದಿಗೆ ನಂಟು ಬೆಳೆಸಿರುವ ಹೊರದೇಶದ ಚರ್ಚಿನಿಂದ ಬಂದ ಆ ಡೋಲಿನವಳು ಇವತ್ತು ಒಂದೇ ಹಾಡಿಗೆ ಎಲ್ಲರನ್ನೂ ಬುಟ್ಟಿಗೆ ಹಾಕಿಕೊಂಡಳು. ನನ್ನ ಆರ್ಗನ್ ಕೇಳಿ ಆಕಳಿಸುವ ನಮ್ಮತ್ತೆ ಚಪ್ಪಾಳೆ ಬೇರೆ ತಟ್ಟಿದರು. "ನುಡಿಸೋದು ಅಂದ್ರೆ ಇದಪ್ಪಾ!" ಎಂದು ನನ್ನ ಕಡೆಗೇ ತಿರುಗಿ ಹೇಳಿದರು.

ಹಾಡು ನಮ್ಮದೇ. ನಾನು ನುಡಿಸಿ ಕಳಿಸಿದ ರೆಕಾರ್ಡಿಂಗ್ ಕೇಳಿ ಅವರು ಕಲಿತದ್ದು. ಮೂರನೇ ಸಾಲು ಮುಗಿದದ್ದೇ ಅವಳ ಕೈ ಡೋಲಿನ ಮೇಲೆ ನಿಂತಿತು. ಒಂದು ಉಸಿರಿನಷ್ಟು ಹೊತ್ತು ಇಡೀ ಚರ್ಚು ಸ್ತಬ್ಧ. ಆಮೇಲೆ ನಾಲ್ಕನೇ ಸಾಲು ಎದ್ದಾಗ ನನಗೂ ಮೈ ಜುಮ್ಮೆಂದಿತು, ಹಾಳಾದ್ದು.

ಪಾಸ್ಟರು ಅವಳನ್ನು ಹೊಗಳಿದ್ದೇ ಹೊಗಳಿದ್ದು. ಅವಳು ಮಾತ್ರ ನೇರ ಬಂದು ನನ್ನ ಕೈ ಹಿಡಿದುಕೊಂಡಳು. ಹೊಸದಾಗಿ ಕಲಿತ ನಮ್ಮ ಭಾಷೆಯಲ್ಲಿ ತಡವರಿಸುತ್ತಾ, "ಮೂರನೇ ಸಾಲಾದ್ಮೇಲೆ ನಿಲ್ಲೋದು ನಿಮ್ಮಿಂದ ಕಲಿತಿದ್ದು ಅಕ್ಕಾ. ಅಲ್ಲೇ ನಮ್ಮೋರೆಲ್ಲ ಅಳ್ತಾರೆ," ಅಂದಳು.

ನಾನು ಅಲ್ಲಿ ನಿಲ್ಲುವುದು ಪುಟ ತಿರುವಲಿಕ್ಕೆ. ಆ ಹಾಳೆ ಮೊದಲಿನಿಂದಲೂ ಅಂಟಿಕೊಳ್ಳುತ್ತದೆ.

ನಿಜ ಹೇಳಬೇಕಿತ್ತು. ಹಿಂದೆಯೇ ಅತ್ತೆ ನಿಂತಿದ್ದರು.

"ಇನ್ನೊಂದ್ಸಲ ಹೇಳಮ್ಮಾ," ಅಂದೆ, "ಸ್ವಲ್ಪ ಜೋರಾಗಿ."